ಮಲೆನಾಡಿನ ಜೀಪು ದಾರಿಗಳು ಮುಚ್ಚಿಹೋಗಬಾರದು ಅಂದ್ರೆ: ಆಫ್‌ರೋಡ್ ಹೋಗುವವರಿಗೊಂದು ಮಾರ್ಗದರ್ಶಿ

ಹೊಸ ಥಾರ್ ತಗೊಂಡವರು, ಜಿಮ್ನಿ ತಗೊಂಡವರು, ಹಳೇ ಜಿಪ್ಸಿ ಹುಡುಕಿ ತಂದು ರಿಪೇರಿ ಮಾಡಿಸಿಕೊಂಡವರು, ಹಿಮಾಲಯನ್ ಬೈಕಿನವರು. ಶನಿವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟು ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಹೊರಡುವವರಲ್ಲಿ ಇಂಥವರು ಈಗ ಬಹಳ. ಡಾಂಬರು ಮುಗಿದ ಮೇಲಿನ ದಾರಿಯೇ ಎಲ್ಲರಿಗೂ ಬೇಕು. ಆದರೆ ಹೋದ ವರ್ಷ ಹೋಗಿ ಬಂದ ದಾರಿಗೆ ಈ ವರ್ಷ ಗೇಟು ಬಿದ್ದಿರುತ್ತದೆ. ಇಲ್ಲವೇ ಜೆಸಿಬಿ ತರಿಸಿ ಅಡ್ಡಡ್ಡ ಕಂದಕ ತೋಡಿಸಿರುತ್ತಾರೆ. ಆಗ ಅರಣ್ಯ ಇಲಾಖೆಯನ್ನೋ ತೋಟದ ಮಾಲೀಕರನ್ನೋ ಬೈದುಕೊಂಡು ವಾಪಸ್ ಬರುತ್ತೇವೆ.

ನಾನು ನೋಡಿದ ಮಟ್ಟಿಗೆ ದಾರಿಗಳು ಮುಚ್ಚುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು ಮಳೆ ನೀರು, ಇನ್ನೊಂದು ಊರಿನವರ ಬೇಸರ. ನಮ್ಮ ಚಕ್ರ ಮಾಡಿದ ಗುಂಡಿಯಲ್ಲಿ ನೀರು ಹರಿದು ದಾರಿ ಹಾಳಾಗುತ್ತದೆ. ಹಾಳಾದ ದಾರಿಯಲ್ಲಿ ಹಾಲಿನ ಗಾಡಿ ಬರುವುದಿಲ್ಲ, ಕಾಫಿ ಹಣ್ಣಿನ ಪಿಕಪ್ ಹತ್ತುವುದಿಲ್ಲ. ಅಲ್ಲಿಗೆ ಗೇಟು. ಇದನ್ನು ತಡೆಯುವ ಕೆಲಸ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಹೊರಡುವ ಮೊದಲಿನಿಂದ ಶುರು ಮಾಡಿ ಒಂದೊಂದಾಗಿ ಬರೆದಿದ್ದೇನೆ.

1. ದಾರಿ ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ

ಗೂಗಲ್ ಮ್ಯಾಪಿನಲ್ಲಿ ಸಣ್ಣ ಬಿಳಿ ಗೆರೆ ಕಂಡ ಮಾತ್ರಕ್ಕೆ ಅದು ಸಾರ್ವಜನಿಕ ರಸ್ತೆ ಆಗುವುದಿಲ್ಲ. ಘಟ್ಟದ ಒಂದೇ ಗುಡ್ಡದಲ್ಲಿ ಮೀಸಲು ಅರಣ್ಯ, ಗೋಮಾಳ, ಕಂದಾಯ ಭೂಮಿ, ಖಾಸಗಿ ತೋಟ ಒಂದರ ಪಕ್ಕ ಒಂದು ಇರುತ್ತವೆ. ಕೊಡಗಿನಲ್ಲಾದರೆ ಗದ್ದೆಗೆ ಸೇರಿದ ಬಾಣೆ ಜಮೀನು, ಶಿವಮೊಗ್ಗ–ಉತ್ತರ ಕನ್ನಡದ ಕಡೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟ. ಎಲ್ಲಿ ಯಾವುದು ಮುಗಿಯಿತು ಅಂತ ನೋಡಿದರೆ ಗೊತ್ತಾಗುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲಿ ಒಳ್ಳೆ ಸೌಲಭ್ಯ ಇದೆ. ದಿಶಾಂಕ್ ಅನ್ನೋ ಸರ್ಕಾರಿ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರ್ ಹಿಡಿದು ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿದರೆ ಜಮೀನು ಯಾರ ಹೆಸರಲ್ಲಿದೆ ಅಂತ ತಿಳಿಯುತ್ತದೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಬೇರೆ ಬೇರೆ ಗುರುತಿನಲ್ಲಿ ಇರುತ್ತವೆ. ನಕಾಶೆ ಕಂಡ ದಾರಿ ಅಂತ ಊರಿನವರು ಹೇಳುವುದು ಇದನ್ನೇ. ನಕಾಶೆಯಲ್ಲಿ ಬಂಡಿದಾರಿ ಇದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಬರೀ ಕಾಲುದಾರಿ ಆಗಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ ನಡೆಯಿರಿ.

ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನದ ವಿಚಾರದಲ್ಲಿ ಚರ್ಚೆಗೆ ಜಾಗವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೇ ಅಪರಾಧ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಗಿದ್ದು 1987ರಲ್ಲಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ, ಸೋಮೇಶ್ವರ ಇವೆಲ್ಲ ವನ್ಯಜೀವಿಧಾಮಗಳು. ಪಶ್ಚಿಮ ಘಟ್ಟದ 39 ಜಾಗಗಳನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತಲ್ಲ, ಆ ಪಟ್ಟಿಯಲ್ಲೂ ಇವು ಇವೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಅಲ್ಲೂ ಸುಮ್ನೆ ನುಗ್ಗುವ ಹಾಗಿಲ್ಲ. "ಗೇಟು ತೆರೆದೇ ಇತ್ತು ಸಾರ್" ಅಂದರೆ ಯಾರೂ ಕೇಳುವುದಿಲ್ಲ.

ಕೆಲವು ಕಡೆ ಸ್ಥಳೀಯ ಜೀಪುಗಳಿಗೆ ಮಾತ್ರ ಅವಕಾಶ ಇರುತ್ತದೆ. ಕೊಡಚಾದ್ರಿ, ಮಾಂದಲಪಟ್ಟಿ ಕಡೆ ಹೋದವರಿಗೆ ಗೊತ್ತು. ಅಲ್ಲಿ ಜೀಪು ಓಡಿಸುವುದು ಸುಮಾರು ಮನೆಗಳ ಹೊಟ್ಟೆಪಾಡು. ನಿಮ್ಮ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿ) ಎಷ್ಟೇ ಗಟ್ಟಿ ಇರಲಿ, ಅಲ್ಲಿ ಬಾಡಿಗೆ ಜೀಪಿನಲ್ಲೇ ಹೋಗಿ. ಆ ತಿರುವುಗಳಲ್ಲಿ ಅವರ ಕೈಚಳಕ ನೋಡುವುದೇ ಒಂದು ಪಾಠ.

2. ಒಬ್ಬರನ್ನಾದರೂ ಕೇಳಿ, ಮೊದಲೇ ಕೇಳಿ

ಖಾಸಗಿ ತೋಟದ ರಸ್ತೆ ಆದರೆ ಮಾಲೀಕರು ಅಥವಾ ತೋಟದ ಕೆಲಸ ನೋಡಿಕೊಳ್ಳುವ ರೈಟರ ಅನುಮತಿ ಬೇಕು. ಅರಣ್ಯದ ಅಂಚು ಆದರೆ ಆ ವಲಯದ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ ಕಚೇರಿ. ಪಂಚಾಯಿತಿ ರಸ್ತೆ ಆದರೆ ಕಾನೂನಿನಂತೆ ಯಾರನ್ನೂ ಕೇಳಬೇಕಾಗಿಲ್ಲ, ಆದರೂ ಊರಿನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಟೀ ಕುಡಿಯುತ್ತಾ ಕೇಳಿ. "ಅಣ್ಣಾ, ಮೇಲಿನ ದಾರಿ ಹೇಗಿದೆ? ಹೋಗಬಹುದಾ?" ಅಂದರೆ ಸಾಕು. ಯಾವ ಆ್ಯಪ್‌ನಲ್ಲೂ ಸಿಗದ ವಿಷಯ ಸಿಗುತ್ತದೆ. ಮೋರಿ ಕುಸಿದಿದೆ, ನಾಳೆ ಊರಲ್ಲಿ ದೇವರ ಕಾರ್ಯ ಇದೆ, ನಿನ್ನೆಯಿಂದ ಮೇಲಿನ ತೋಟದಲ್ಲಿ ಆನೆ ನಿಂತಿದೆ, ಹೀಗೆ.

ಆನೆ ಮಾತನ್ನು ತಮಾಷೆಗೆ ತಗೋಬೇಡಿ. ಸಕಲೇಶಪುರ, ಆಲೂರು ಭಾಗದಲ್ಲಿ ಆನೆ ಎಲ್ಲಿದೆ ಅನ್ನೋದು ದಿನಾ ಬೆಳಿಗ್ಗೆ ಊರಿನವರ ವಾಟ್ಸಾಪಿನಲ್ಲಿ ಓಡಾಡುವ ಸುದ್ದಿ. ಆರೆಂಟು ಗಾಡಿಗಳ ಸದ್ದಿಗೆ ಬೆದರಿದ ಆನೆ ಪಕ್ಕದ ತೋಟದಲ್ಲಿ ಕೆಲಸ ಮಾಡುವವರ ಮೇಲೆ ಹೋದರೆ ಏನು ಗತಿ? ನಾವಂತೂ ಸಂಜೆ ಬೆಂಗಳೂರು ಸೇರಿರುತ್ತೇವೆ.

3. ಯಾವಾಗ ಹೋಗಬಾರದು

ಮಳೆಗಾಲದ ಕೆಸರಲ್ಲೇ ಮಜಾ ಅನ್ನೋರಿದ್ದಾರೆ. ಅವರ ಜೊತೆ ನನಗೆ ಜಗಳ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಕೆಂಪು ಮಣ್ಣು ನೀರು ಕುಡಿದು ಮೆತ್ತಗಾಗಿರುತ್ತದೆ. ಅದರ ಮೇಲೆ ಎರಡು ಟನ್ ಹತ್ತಿರದ ಗಾಡಿ ಹತ್ತಾರು ಸಲ ಓಡಾಡಿದರೆ ಒಂದೇ ವಾರಾಂತ್ಯದಲ್ಲಿ ದಾರಿ ಮುಗಿಯಿತು. ಕೆಸರು ಆಟ ಬೇಕೇ ಬೇಕು ಅಂದರೆ ಅದಕ್ಕೆಂದೇ ಖಾಸಗಿ ಜಾಗದಲ್ಲಿ ಮಾಡಿದ ಟ್ರ್ಯಾಕುಗಳಿವೆ. ದುಡ್ಡು ಕೊಟ್ಟು ಅಲ್ಲಿ ಆಡಿ.

ದಾರಿ ತೇವ ಇದೆಯೋ ಇಲ್ಲವೋ ಅಂತ ನೋಡಲು ನಾನು ಬಳಸುವ ಲೆಕ್ಕ ಇದು. ಗಾಡಿಯಿಂದ ಇಳಿದು ಚಕ್ರ ಹೋಗುವ ಜಾಗದಲ್ಲಿ ಹಿಮ್ಮಡಿ ಊರಿ ಪೂರ್ತಿ ಭಾರ ಬಿಡಿ. ಹಿಮ್ಮಡಿ ಒಂದು ಇಂಚಿಗಿಂತ ಜಾಸ್ತಿ ಇಳಿದರೆ ಅವತ್ತು ಬೇಡ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ಹೊರಬಂದರೂ ಅಷ್ಟೇ. ಜೋರು ಮಳೆ ನಿಂತು ಒಂದೆರಡು ದಿನ ಬಿಸಿಲು ಬಿದ್ದರೂ ಮರದ ನೆರಳಿನ ಭಾಗ ಹಸಿಯಾಗೇ ಇರುತ್ತದೆ. ಆದ್ದರಿಂದ ಬಿಸಿಲಿನ ಜಾಗದಲ್ಲಿ ಪರೀಕ್ಷೆ ಮಾಡಿ ಮೋಸ ಹೋಗಬೇಡಿ.

ಇನ್ನೊಂದು ಕೆಟ್ಟ ಕಾಲ ಫೆಬ್ರವರಿಯಿಂದ ಏಪ್ರಿಲ್. ಹುಲ್ಲುಗಾವಲು ಒಣಗಿ ನಿಂತಿರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬಿದ್ದ ಬೆಂಕಿ ನೆನಪಿದೆಯಲ್ಲ. ಬೀಡಿ, ಸಿಗರೇಟು, ಕ್ಯಾಂಪ್‌ಫೈರ್ ಬೇಡ ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ವಿಷಯ ಒಂದಿದೆ. 2020ರ ಏಪ್ರಿಲ್ ನಂತರ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಆಗಾಗ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆಗ ಒಳಗಿನ ಬಿಸಿ 600 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಆ ಹೊತ್ತಿಗೆ ನೀವು ಮೊಣಕಾಲೆತ್ತರದ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರೆ ಕೆಳಗೆ ಬೆಂಕಿ ಹತ್ತಲು ಎಷ್ಟು ಹೊತ್ತು ಬೇಕು? ಪೆಟ್ರೋಲ್ ಗಾಡಿಯ ಸೈಲೆನ್ಸರ್ ಕೂಡ ಕಡಿಮೆಯೇನಲ್ಲ. ಬರಿಮಣ್ಣು ಅಥವಾ ಕಲ್ಲು ನೆಲದ ಮೇಲೆ ಮಾತ್ರ ನಿಲ್ಲಿಸಿ. ಗಾಡಿಯ ಅಡಿಯಲ್ಲಿ ಹುಲ್ಲು ಸಿಕ್ಕಿಕೊಂಡಿದೆಯಾ ಅಂತ ಬಗ್ಗಿ ನೋಡಿ, ಇದ್ದರೆ ಕಿತ್ತು ಹಾಕಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿ ಇರಲಿ, ಸಾಮಾನಿನ ಅಡಿಯಲ್ಲಿ ಬೇಡ.

ಉಳಿದಿದ್ದು ಅಕ್ಟೋಬರ್ ಕೊನೆಯಿಂದ ಜನವರಿ. ನಿಜವಾಗಿ ಹೋಗಬೇಕಾದ ಕಾಲ ಇದೇ. ಆದರೆ ಇದೇ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತದೆ, ಆಮೇಲೆ ರೋಬಸ್ಟಾ. ತೋಟದ ದಾರಿಗಳಲ್ಲಿ ಆಳುಗಳನ್ನು ತುಂಬಿಕೊಂಡ ಪಿಕಪ್, ಟ್ರ್ಯಾಕ್ಟರ್ ಬೆಳಗ್ಗೆ ಮೇಲೆ, ಸಂಜೆ ಕೆಳಗೆ. ಆ ಎರಡು ಹೊತ್ತು ಬಿಟ್ಟು ಹೋಗಿ. ಎದುರು ಸಿಕ್ಕರೆ ರಿವರ್ಸ್ ಹೋಗಬೇಕಾದವರು ನೀವು.

4. ಹೊರಡುವ ಮುಂಚೆ ಚಕ್ರ ತೊಳೆಯಿರಿ

ಇದು ಕೇಳಿ ನಗುವವರು ಜಾಸ್ತಿ. ವಾಪಸ್ ಬಂದ ಮೇಲೆ ತೊಳೆಯುತ್ತೇವೆ, ಹೋಗುವಾಗ ಯಾಕೆ? ಚಕ್ರದ ಗಟ್ಟಿ ಮಣ್ಣಿನಲ್ಲಿ ಕಾಂಗ್ರೆಸ್ ಗಿಡ, ಲಂಟಾನದ ಬೀಜ ಇರುತ್ತದೆ. ಘಟ್ಟದ ಹುಲ್ಲುಗಾವಲಿಗೆ ಅದನ್ನು ನಾವೇ ಹೊತ್ತು ಹಾಕುತ್ತೇವೆ. ತೋಟದವರಿಗೆ ಇನ್ನೂ ದೊಡ್ಡ ಭಯ ಕಾಳುಮೆಣಸಿನ ಸೊರಗು ರೋಗದ್ದು. ಅದರ ರೋಗಾಣು ಮಣ್ಣಿನಲ್ಲೇ ಬದುಕುತ್ತದೆ, ಒದ್ದೆ ಮಣ್ಣಿನ ಜೊತೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತದೆ. ರೋಗ ಬಂದ ತೋಟದಲ್ಲಿ ಗಾಡಿ ಓಡಿಸಿ ಅದೇ ಚಕ್ರದಲ್ಲಿ ಪಕ್ಕದ ತೋಟಕ್ಕೆ ಬಂದವರನ್ನು ಯಾವ ಬೆಳೆಗಾರ ತಾನೇ ಕರೆದು ಕಾಫಿ ಕೊಡುತ್ತಾನೆ? ಮಡ್‌ಗಾರ್ಡ್ ಒಳಗೆ, ಚಾಸಿಸ್ ಮೂಲೆಗಳಲ್ಲಿ ನೀರು ಬಿಟ್ಟು ತೊಳೆಸಿ. ಬೂಟು ಕೂಡ.

5. ಚಕ್ರ ಸುತ್ತಬೇಕು, ಕೆರೆಯಬಾರದು

ದಾರಿ ಹಾಳು ಮಾಡುವುದು ಹೆಚ್ಚಾಗಿ ಜಾರಿ ಗಿರಗಿರ ತಿರುಗುವ ಚಕ್ರ. ಅದು ಮಣ್ಣನ್ನು ಅಗೆದು ಹಿಂದಕ್ಕೆ ಎಸೆಯುತ್ತದೆ. ಹಾಗಾಗಿ ಓಡಿಸುವ ವಿಧಾನವನ್ನೇ ಬದಲಾಯಿಸಿಕೊಳ್ಳಿ.

ಡಾಂಬರು ಮುಗಿದ ತಕ್ಷಣ ಗಾಳಿ ಇಳಿಸಿ. 30–32 ಪಿಎಸ್ಐ ಇದ್ದದ್ದನ್ನು 20–22ಕ್ಕೆ ತನ್ನಿ. ಟೈರು ಅಗಲವಾಗಿ ಕೂರುತ್ತದೆ, ಹಿಡಿತ ಜಾಸ್ತಿ, ಮಣ್ಣಿಗೆ ಒತ್ತಡ ಕಡಿಮೆ. ಮಾಮೂಲಿ ರಿಮ್ಮಿನಲ್ಲಿ 15ಕ್ಕಿಂತ ಕೆಳಗೆ ಇಳಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯ ಇದೆ. ಟ್ಯೂಬ್ ಇರುವ ಬೈಕಿನಲ್ಲಿ ತೀರಾ ಇಳಿಸಬೇಡಿ, ಕಲ್ಲಿಗೆ ಬಡಿದು ಪಂಚರ್ ಆಗುತ್ತದೆ. ವಾಪಸ್ ಡಾಂಬರಿಗೆ ಬಂದಾಗ ಗಾಳಿ ತುಂಬಲು ಚಿಕ್ಕ ಕಂಪ್ರೆಸರ್ ಜೊತೆಗಿರಲಿ.

ಏರು ಶುರುವಾಗುವ ಮೊದಲೇ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ನಿಧಾನವಾಗಿ ಎಳೆಯುವ ಗೇರು) ಹಾಕಿ. ಸಿಕ್ಕಿಕೊಂಡ ಮೇಲೆ ಹಾಕುವುದು ನಮ್ಮವರ ರೂಢಿ, ಅಷ್ಟರಲ್ಲಿ ಗುಂಡಿ ಬಿದ್ದಿರುತ್ತದೆ. ಆಕ್ಸಿಲರೇಟರ್ ಒಂದೇ ಸಮ ಇರಲಿ. ಚಕ್ರ ಜಾರಿತು ಅನಿಸಿದರೆ ಕಾಲು ತೆಗೆಯಿರಿ, ಒಂದಡಿ ಹಿಂದೆ ಬನ್ನಿ, ಬೇರೆ ಗೆರೆ ಹಿಡಿಯಿರಿ. ಇನ್ನಷ್ಟು ಒತ್ತಿದರೆ ಮಣ್ಣು ಹಾರುವುದನ್ನು ಗೆಳೆಯರು ವಿಡಿಯೊ ಮಾಡುತ್ತಾರೆ, ಅಷ್ಟೇ. ಇಳಿಯುವಾಗ ಮೊದಲ ಗೇರಿನಲ್ಲಿ ಎಂಜಿನ್ನೇ ಹಿಡಿಯಲಿ. ಬ್ರೇಕ್ ಗಟ್ಟಿ ಒತ್ತಿ ಚಕ್ರ ಲಾಕ್ ಆದರೆ ಅದು ಮೇಲ್ಮಣ್ಣನ್ನು ಹೆರೆದುಕೊಂಡೇ ಇಳಿಯುತ್ತದೆ. ಬೈಕಿನವರು ಹಿಂದಿನ ಚಕ್ರ ಜಾರಿಸಿ ತಿರುಗಿಸುವ ಚಟ ಬಿಡಿ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು. ಗುಂಡಿ, ಕೆಸರು, ಬಂಡೆ ಏನೇ ಬರಲಿ, ಅದನ್ನು ದಾಟುವುದಾದರೆ ದಾರಿಯ ಮೇಲೇ ದಾಟಿ. ಪಕ್ಕದ ಹುಲ್ಲಿನ ಮೇಲೆ ಹತ್ತಿಸಿ ಸುತ್ತು ಹಾಕಬೇಡಿ. ಇವತ್ತು ನೀವು ಸುತ್ತು ಹಾಕಿದ ಜಾಡನ್ನು ನೋಡಿ ನಾಳೆ ಹತ್ತು ಗಾಡಿ ಅಲ್ಲೇ ಬರುತ್ತವೆ. ಅದೂ ಗುಂಡಿ ಬಿದ್ದಾಗ ಅದರಾಚೆ ಇನ್ನೊಂದು. ದಾರಿಯ ಮೇಲೆ ದಾಟಲು ಆಗದಿದ್ದರೆ ವಾಪಸ್ ತಿರುಗಿ. ತಿರುಗಿಸಿಕೊಂಡು ಬಂದವರನ್ನು ಗೇಲಿ ಮಾಡುವ ಗುಂಪಿನ ಜೊತೆ ಹೋಗಲೇಬೇಡಿ.

6. ಹಳ್ಳ ದಾಟುವಾಗ

2020ರ ಥಾರ್‌ಗೆ 650 ಮಿಲಿಮೀಟರ್ ನೀರಿನವರೆಗೆ ಇಳಿಯಬಹುದು ಅಂತ ಕಂಪನಿ ಹೇಳುತ್ತದೆ. ನೀರಿಗೆ ಇಳಿದು ಆಡಿ ಅಂತ ಹೇಳಿಲ್ಲ. ಊರಿನವರು ದಾಟುವ ಕಡವಿನಲ್ಲಿ, ನೇರವಾಗಿ, ನಿಧಾನವಾಗಿ, ಒಂದೇ ಸಲ ದಾಟಿ. ಹಳ್ಳದ ಉದ್ದಕ್ಕೂ ಓಡಿಸುವುದು, ವಿಡಿಯೊಗಾಗಿ ನಾಲ್ಕು ಸಲ ಹಿಂದೆ ಮುಂದೆ ಹೋಗುವುದು ಬೇಡ. 2023ರ ಡಿಸೆಂಬರ್‌ನಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ಒಬ್ಬರು ಚಂದ್ರಾ ನದಿಯೊಳಗೇ ಥಾರ್ ಓಡಿಸಿದರು. ವಿಡಿಯೊ ಹರಿದಾಡಿತು, ಪೊಲೀಸರು ದಂಡ ಹಾಕಿದರು. ಬೈಸಿಕೊಂಡಿದ್ದು ಮಾತ್ರ ಎಲ್ಲ ಥಾರ್‌ನವರೂ.

ನಮ್ಮ ಹಳ್ಳಗಳಲ್ಲಿ ಏನಿದೆ ಅಂತ ತಿಳಿದರೆ ಕಾಲು ತಾನಾಗಿ ಹಗುರಾಗುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಕುಂಬಾರ ಕಪ್ಪೆ ಅಂತ ಒಂದಿದೆ. 2014ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದ ಅಂತ ಗುರುತಿಸಿದರು. ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಅಂಟಿಸಿದ ಮೇಲೆ ಗಂಡು ಕಪ್ಪೆ ತೊರೆಯ ತಳದಿಂದ ಕೈತುಂಬ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ರಾತ್ರಿ ಹೊತ್ತಿನ ಕೆಲಸ. ಮೆತ್ತಿ ಮುಗಿಸಿದ ಕೆಸರುಂಡೆ ನಮ್ಮ ಕಣ್ಣಿಗೆ ಕಡ್ಡಿಗೆ ಸಿಡಿದ ಕೊಚ್ಚೆಯಂತೆ ಕಾಣುತ್ತದೆ. ಒಂದು ಬಂಪರ್ ತಗುಲಿದರೆ ಸಾಕು.

ಹಳ್ಳದ ಹತ್ತಿರ ಎಣ್ಣೆ ಸೋರುತ್ತಿದೆಯಾ ನೋಡಿಕೊಳ್ಳಿ. ಎಂಜಿನ್ ತಳ ಬಂಡೆಗೆ ಬಡಿದು ಆಯಿಲ್ ಸುರಿದರೆ ಹಿಡಿಯಲು ಒಂದು ಬೋಗುಣಿ, ಹೀರಲು ಮರದ ಹೊಟ್ಟು ಅಥವಾ ಹಳೇ ಬಟ್ಟೆ, ಅದನ್ನು ತುಂಬಿಕೊಂಡು ಬರಲು ಗಟ್ಟಿ ಚೀಲ, ಇಷ್ಟು ಗಾಡಿಯಲ್ಲಿರಲಿ. ಕೆಳಗಿನ ಊರಿನವರು ಕುಡಿಯುವುದು ಅದೇ ನೀರು.

7. ಸಿಕ್ಕಿಕೊಂಡರೆ ಮರಕ್ಕೆ ಹಗ್ಗ ಬಿಗಿಯುವ ಮುನ್ನ

ವಿಂಚ್ (ಗಾಡಿ ಎಳೆಯುವ ವೈರಿನ ರಾಟೆ) ಇದ್ದವರು ಕಂಡ ಮರಕ್ಕೆ ವೈರ್ ಸುತ್ತುತ್ತಾರೆ. ಉಕ್ಕಿನ ವೈರ್ ತೊಗಟೆಯನ್ನು ಸುತ್ತಲೂ ಕೊಯ್ದರೆ ಮರ ನಿಧಾನವಾಗಿ ಒಣಗುತ್ತದೆ. ಮೂರಿಂಚು ಅಥವಾ ಅದಕ್ಕಿಂತ ಅಗಲದ, ಮರಕ್ಕೆ ಸುತ್ತುವ ಪಟ್ಟಿ ಇಟ್ಟುಕೊಳ್ಳಿ. ಬುಡದ ಹತ್ತಿರ ಹಾಕಿ, ವೈರನ್ನು ಶ್ಯಾಕಲ್ (ಉಕ್ಕಿನ ಕೊಂಡಿ) ಮೂಲಕ ಪಟ್ಟಿಗೆ ಮಾತ್ರ ಸೇರಿಸಿ. ಕಾಫಿ ತೋಟದಲ್ಲಿ ನೆರಳಿನ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬಳ್ಳಿ ಇರುವ ಮರವನ್ನು ಮುಟ್ಟಲೇಬೇಡಿ. ಎಷ್ಟೋ ವರ್ಷ ಸಾಕಿದ ಬಳ್ಳಿ ಒಂದು ಎಳೆತಕ್ಕೆ ಹೋಗುತ್ತದೆ. ಹಾಗೆ ಹೋದ ಮೇಲೆ ಆ ತೋಟದ ಗೇಟು ನಿಮಗಷ್ಟೇ ಅಲ್ಲ, ಯಾರಿಗೂ ತೆರೆಯುವುದಿಲ್ಲ. ಮೊದಲು ಸಲಿಕೆ ಮತ್ತು ಚಕ್ರದ ಕೆಳಗೆ ಇಡುವ ರಿಕವರಿ ಬೋರ್ಡ್ ಪ್ರಯತ್ನಿಸಿ, ಆಮೇಲೆ ಇನ್ನೊಂದು ಗಾಡಿಯಿಂದ ಎಳೆಸಿ. ಮರ ಕಟ್ಟಕಡೆಗೆ.

ಹೊರಬಂದ ಮೇಲೆ ಗುಂಡಿ ಮುಚ್ಚಿ. ಚಕ್ರದ ಕೆಳಗೆ ಹಾಕಿದ ಕಲ್ಲುಗಳನ್ನು ಎತ್ತಿ ಬದಿಗಿಡಿ. ರಾತ್ರಿ ಸ್ಕೂಟರಿನಲ್ಲಿ ಬರುವವರು ಅದಕ್ಕೆ ಬಡಿದು ಬೀಳುತ್ತಾರೆ.

8. ನೀರನ್ನು ದಾರಿಯಿಂದ ಇಳಿಸಿ

ಈ ಕೆಲಸ ಮಾಡುವವರು ಬಹಳ ಕಡಿಮೆ. ದಾರಿ ಉಳಿಯುವುದು ಮಾತ್ರ ಇದರಿಂದಲೇ.

ಗುಡ್ಡದ ದಾರಿಯಲ್ಲಿ ಏನಾಗುತ್ತದೆ ನೋಡಿ. ಚಕ್ರ ಹೋದ ಎರಡು ಗೆರೆ ಅಕ್ಕಪಕ್ಕಕ್ಕಿಂತ ತಗ್ಗಾಗುತ್ತವೆ. ಮಣ್ಣು ಒತ್ತಿ ಗಟ್ಟಿಯಾಗಿರುವುದರಿಂದ ನೀರು ಇಂಗುವುದಿಲ್ಲ. ಮೊದಲು ದಾರಿಯನ್ನು ಅಡ್ಡಲಾಗಿ ದಾಟಿ ಕಣಿವೆಗೆ ಇಳಿಯುತ್ತಿದ್ದ ನೀರು ಈಗ ದಾರಿಯ ಉದ್ದಕ್ಕೂ ಹರಿಯುತ್ತದೆ. ಇಳಿಯುತ್ತಾ ವೇಗ ಹೆಚ್ಚುತ್ತದೆ, ಮಣ್ಣು ಕಿತ್ತುಕೊಂಡು ಹೋಗುತ್ತದೆ. ಜೂನ್‌ನಲ್ಲಿ ನಾಲ್ಕು ಬೆರಳು ಇದ್ದ ಜಾಡು ಸೆಪ್ಟೆಂಬರ್‌ಗೆ ಮೊಣಕಾಲುದ್ದದ ಕೊರಕಲು. ಆ ಮಣ್ಣೆಲ್ಲ ಕೆಳಗಿನ ಗದ್ದೆಯಲ್ಲಿ.

ಮಳೆಗಾಲಕ್ಕೆ ಮುಂಚೆ ತೋಟದವರು ಚರಂಡಿ ಬಿಡಿಸುವುದು, ಅಡಿಕೆ ತೋಟದಲ್ಲಿ ಬಸಿಗಾಲುವೆ ಸರಿ ಮಾಡುವುದು ನೀವು ನೋಡಿರಬಹುದು. ದಾರಿಗೂ ಅದನ್ನೇ ಮಾಡಬೇಕು. ದಾರಿಗೆ ಅಡ್ಡಲಾಗಿ, ಆದರೆ ನೇರ ಅಲ್ಲದೆ ಓರೆಯಾಗಿ, ಒಂದು ಅಗಲ ತೋಡು ತೆಗೆದು ನೀರನ್ನು ಬದಿಗೆ ತಿರುಗಿಸುವುದು.

ಮಾಡುವ ಕ್ರಮ ಹೀಗೆ. ಮೊದಲು ಜೋರು ಮಳೆ ನಿಂತ ಹೊತ್ತಿನಲ್ಲಿ ದಾರಿಯನ್ನು ನಡೆದು ನೋಡಿ, ನೀರು ಎಲ್ಲಿ ದಾರಿಗೆ ಇಳಿಯುತ್ತದೆ ಅಂತ ಗುರುತು ಹಾಕಿ. ಅದರ ಸ್ವಲ್ಪ ಕೆಳಗೆ ತೋಡು ಬರಬೇಕು. ನೇರ ಅಡ್ಡಗೆರೆಯಿಂದ ಸುಮಾರು 30 ಡಿಗ್ರಿ ಇಳಿಜಾರಿನ ಕಡೆ ಓರೆ ಇರಲಿ. ತೀರಾ ನೇರ ಆದರೆ ಹೂಳು ತುಂಬುತ್ತದೆ, ತೀರಾ ಓರೆ ಆದರೆ ನೀರು ಕೊರೆಯುತ್ತದೆ. ಅಗಲ ಎರಡಡಿ, ಆಳ ಅರ್ಧ ಅಡಿ ಸಾಕು. ಆಳ ಜಾಸ್ತಿ ಮಾಡಿದರೆ ಊರಿನ ಆಟೊ, ಬೈಕು ದಾಟಲಾರವು. ಅಗೆದ ಮಣ್ಣನ್ನು ತೋಡಿನ ಕೆಳಬದಿಗೆ ದಿಣ್ಣೆಯಾಗಿ ಹಾಕಿ ತುಳಿದು, ಬಡಿದು ಗಟ್ಟಿ ಮಾಡಿ. ಸಡಿಲ ಬಿಟ್ಟರೆ ಮೊದಲ ಮಳೆಗೇ ಹೋಗುತ್ತದೆ. ನೀರು ಹೊರಬೀಳುವ ಜಾಗದಲ್ಲಿ ಹುಲ್ಲು ಅಥವಾ ಕಲ್ಲು ಇರಲಿ, ಹರಿವಿನ ರಭಸ ಅಲ್ಲಿ ಮುರಿಯಬೇಕು. ಯಾರದ್ದೋ ಕಾಫಿ ಗಿಡದ ಬುಡಕ್ಕೆ, ಬಾವಿ ಕಡೆಗೆ ನೀರು ತಿರುಗಿಸಿದರೆ ಹೊಸ ಜಗಳ ಶುರು.

ಎಷ್ಟು ದೂರಕ್ಕೊಂದು? ಹತ್ತಡಿ ಹೋದರೆ ಒಂದಡಿ ಏರುವ ದಾರಿಗೆ ಸುಮಾರು 25 ಮೀಟರಿಗೊಂದು. ಐದಡಿಗೆ ಒಂದಡಿ ಏರುವ ಕಡಿದಾದ ಕಡೆ 15 ಮೀಟರಿಗೊಂದು. ಏರು ಜಾಸ್ತಿಯಾದಷ್ಟೂ ಹತ್ತಿರ ಹತ್ತಿರ.

ಕೊರಕಲಿಗೆ ಮಣ್ಣು ತುಂಬುವುದು ಇದಾದ ಮೇಲೆ. ಮೇಲಿನ ನೀರು ತಿರುಗಿಸದೆ ಕೆಳಗೆ ಮಣ್ಣು ತುಂಬಿದರೆ ದುಡ್ಡೂ ಹೋಯಿತು, ಮಣ್ಣೂ ಹೋಯಿತು. ತುಂಬಲು ಹಳ್ಳದ ಕಲ್ಲು ತರಬೇಡಿ. ಪಕ್ಕದ ಅಡ್ಡಜಾಡುಗಳನ್ನು ಮುಚ್ಚಲು ಅವು ಶುರುವಾಗುವ ಬಾಯಲ್ಲೇ ಒಣಗಿದ ಕೊಂಬೆ ಅಡ್ಡ ಹಾಕಿ, ಮೇಲೆ ತರಗೆಲೆ ಹರಡಿ. ದಾರಿ ಅಂತ ಕಣ್ಣಿಗೆ ಕಾಣದಿದ್ದರೆ ಯಾರೂ ಹೋಗುವುದಿಲ್ಲ. ಬೋರ್ಡಿಗಿಂತ ಇದು ಎಷ್ಟೋ ವಾಸಿ.

ಬೇಕಾದ ಸಾಮಾನು ಗುದ್ದಲಿ, ಹಾರೆ, ಪಿಕಾಸಿ, ಬಾಂಡ್ಲಿ. ನಾಲ್ಕು ಜನಕ್ಕೆ ಒಂದು ತೋಡು ಅಂದರೆ ಬೆಳಗಿನ ತಿಂಡಿ ಅರಗುವಷ್ಟು ಕೆಲಸ. ಊರಿನ ಹಿರಿಯರೊಬ್ಬರನ್ನು ಕೂಲಿ ಕೊಟ್ಟು ಕರೆದುಕೊಳ್ಳಿ. ನೀರು ಎಲ್ಲಿ ಹೇಗೆ ತಿರುಗುತ್ತದೆ ಅನ್ನೋದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ಎಚ್ಚರ: ಇದೆಲ್ಲ ಜಾಗದ ಯಜಮಾನರ ಒಪ್ಪಿಗೆ ಇದ್ದರೆ ಮಾತ್ರ. ಮೀಸಲು ಅರಣ್ಯದಲ್ಲಿ ಒಳ್ಳೆ ಉದ್ದೇಶಕ್ಕೇ ಆದರೂ ಗುದ್ದಲಿ ಹಾಕಿದರೆ ಕೇಸು ಬೀಳುತ್ತದೆ. ಅಲ್ಲಿ ಆರ್‌ಎಫ್‌ಒ ಮೂಲಕ, ಗ್ರಾಮ ಅರಣ್ಯ ಸಮಿತಿ ಇದ್ದರೆ ಅವರ ಜೊತೆ ಸೇರಿ ಮಾಡಿ. ಪಂಚಾಯಿತಿ ರಸ್ತೆಯಾದರೆ ಪಿಡಿಒ ಅವರನ್ನು ಕೇಳಿ.

9. ಗುಂಪು, ಸದ್ದು, ರೀಲು

ಒಂದು ಸಲಕ್ಕೆ ಐದಾರು ಗಾಡಿ ಸಾಕು. ಇಪ್ಪತ್ತೈದು ಗಾಡಿ ಸಾಲಾಗಿ ಹೋದರೆ ಊರಿಗೆ ಅದು ಮೆರವಣಿಗೆ. ಮನೆ ಮುಂದೆ ನಿಧಾನ, ಹಾರ್ನ್ ಬೇಡ, ಹಾಡು ಬೇಡ. ಸದ್ದು ಮಾಡುವ ಸೈಲೆನ್ಸರ್ ಹಾಕಿಸಿಕೊಂಡವರನ್ನು ಗುಂಪಿಗೆ ಸೇರಿಸಿಕೊಳ್ಳಬೇಡಿ, ಖಾರವಾಗಿಯೇ ಹೇಳುತ್ತೇನೆ. ಉಣುಗೋಲು, ಗೇಟು ತೆರೆದರೆ ಕೊನೆಯ ಗಾಡಿಯವರು ಮುಚ್ಚಬೇಕು. ಮುಚ್ಚಿದ್ದಾರಾ ಅಂತ ಮುಂದಿನವರು ಕಾದು ನೋಡಬೇಕು. ದನ ತೋಟಕ್ಕೆ ನುಗ್ಗಿದರೆ ಅದರ ಲೆಕ್ಕ ನಿಮ್ಮ ತಲೆಗೇ ಬರುತ್ತದೆ. ಕಸದ ಬಗ್ಗೆ ಬರೆಯುವ ಅಗತ್ಯವೇ ಇರಬಾರದು.

ರೀಲು ಹಾಕುವವರಿಗೆ: ಜಾಗದ ಹೆಸರು, ಲೊಕೇಶನ್ ಹಾಕಬೇಡಿ. ಒಂದು ರೀಲು ಓಡಿದರೆ ಮುಂದಿನ ಭಾನುವಾರ ಆ ದಾರಿಯಲ್ಲಿ ಜಾತ್ರೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಹತ್ತಿದರು. ಸ್ವಲ್ಪ ದಿನದಲ್ಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಆಮೇಲೆ ಬುಕಿಂಗ್ ಇಟ್ಟು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿ ತೆರೆದರು. ಅವರು ನಡೆದು ಹೋದವರು. ಗಾಡಿಯವರಿಗೆ ಅಷ್ಟು ಕೂಡ ರಿಯಾಯಿತಿ ಸಿಗುವುದಿಲ್ಲ.

10. ಒಂದು ದಾರಿಯನ್ನು ನಿಮ್ಮದಾಗಿ ಮಾಡಿಕೊಳ್ಳಿ

ಹತ್ತು ದಾರಿ ಸುತ್ತುವ ಬದಲು ಗುಂಪಾಗಿ ಒಂದು ದಾರಿಯ ಹೊಣೆ ಹೊತ್ತುಕೊಳ್ಳಿ. ಐದಾರು ಜಾಗ ಗುರುತಿಸಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ, ಅದೇ ಜಾಗದಲ್ಲಿ ಅದೇ ದಿಕ್ಕಿಗೆ ನಿಂತು ಫೋಟೊ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ಗುದ್ದಲಿ ನಿಲ್ಲಿಸಿ. ಎರಡು ವರ್ಷದ ಫೋಟೊ ಇದ್ದರೆ ದಾರಿ ಕೆಡುತ್ತಿದೆಯಾ ಸುಧಾರಿಸುತ್ತಿದೆಯಾ ಅಂತ ಯಾರೂ ವಾದ ಮಾಡಬೇಕಾಗಿಲ್ಲ. ಮೇ ತಿಂಗಳ ಭೇಟಿಯಲ್ಲೇ ತೋಡುಗಳ ಹೂಳು ತೆಗೆದುಬಿಡಿ.

ಡ್ರೈವ್ ಏರ್ಪಡಿಸುವವರು ಪ್ರತಿ ಗಾಡಿಯಿಂದ ದುರಸ್ತಿಗೆಂದು ಒಂದಿಷ್ಟು ಹಣ ಬೇರೆ ತೆಗೆದಿಡಿ. ಅದರಲ್ಲಿ ಊರಿನವರಿಗೇ ಕೆಲಸ ಕೊಡಿ. ಊಟ ಊರಿನ ಮನೆಯಲ್ಲಿ, ಟೀ ಊರಿನ ಗೂಡಂಗಡಿಯಲ್ಲಿ. ಬೆಂಗಳೂರಿನಿಂದ ನೀರಿನ ಬಾಟಲಿವರೆಗೆ ಎಲ್ಲ ತಂದು, ಊರಿಗೆ ಧೂಳು ಮಾತ್ರ ಬಿಟ್ಟು ಹೋದರೆ ಅವರು ಯಾಕೆ ನಮ್ಮ ಪರ ಮಾತಾಡಬೇಕು ಹೇಳಿ?

11. ದಾರಿ ಮುಚ್ಚೇಬಿಟ್ಟರೆ

ಮೊದಲನೆಯದಾಗಿ, ಕಂದಕದ ಪಕ್ಕದಿಂದ ದಾರಿ ಮಾಡಿಕೊಂಡು ಹೋಗಬೇಡಿ. ಹಾಗೆ ಮಾಡಿದವರ ಫೋಟೊ ಒಂದಿದ್ದರೆ ಸಾಕು, ಮುಂದೆ ಯಾವ ಅಧಿಕಾರಿಯೂ ನಿಮ್ಮ ಮಾತು ಕೇಳುವುದಿಲ್ಲ.

ಮುಚ್ಚಿಹೋಗುವ ಹಂತಕ್ಕೆ ಬಂದ ದಾರಿ ಉಳಿದ ಉದಾಹರಣೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರುಬಿಕಾನ್ ಟ್ರೇಲ್ ಅಂತ ಜೀಪಿನವರ ಪಾಲಿಗೆ ಬಹಳ ಹೆಸರುವಾಸಿ ದಾರಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮ ಕನ್ನಡದವರಲ್ಲೂ ಕೆಲವರು ಹೋಗಿ ಬಂದಿರಬಹುದು. ಮಣ್ಣು, ಎಣ್ಣೆ, ಮನುಷ್ಯರ ಮಲ ನೀರಿಗೆ ಸೇರುತ್ತಿದೆ ಅಂತ 2009ರಲ್ಲಿ ಅಲ್ಲಿನ ಜಲ ಮಂಡಳಿ ಸ್ಥಳೀಯ ಆಡಳಿತಕ್ಕೂ ಅರಣ್ಯ ಇಲಾಖೆಗೂ ಶುಚಿಗೊಳಿಸುವ ಆದೇಶ ಹೊರಡಿಸಿತು. ಜೀಪಿನವರ ಸಂಘಟನೆಗಳು ಬೀದಿಗಿಳಿದು ಕೂಗಾಡಿ ಸುಮ್ಮನಾಗಲಿಲ್ಲ. ಸ್ವಯಂಸೇವಕರನ್ನು ಸೇರಿಸಿ ದಾರಿ ರಿಪೇರಿಗೆ ಇಳಿದರು. ಎಣ್ಣೆ ಹೀರುವ ಕಿಟ್, ಮಲ ತುಂಬಿ ವಾಪಸ್ ತರುವ ಚೀಲ ಒಯ್ಯುವುದನ್ನು ರೂಢಿ ಮಾಡಿಸಿದರು. ದಾರಿ ಇಂದಿಗೂ ತೆರೆದಿದೆ.

ನಮ್ಮಲ್ಲೂ ಬರೀ "ತೆರೆಯಿರಿ" ಅಂತ ಮನವಿ ಕೊಟ್ಟರೆ ಫೈಲಿನಲ್ಲಿ ಸೇರುತ್ತದೆ. ಏನು ಮಾಡುತ್ತೀರಿ ಅಂತ ಬರೆಯಿರಿ. ವರ್ಷದಲ್ಲಿ ಯಾವ ತಿಂಗಳು ಮಾತ್ರ, ದಿನಕ್ಕೆ ಎಷ್ಟು ಗಾಡಿ, ಯಾವ ಹೊತ್ತಿನಿಂದ ಯಾವ ಹೊತ್ತಿಗೆ, ತೋಡು ಬಿಡಿಸುವ ಕೆಲಸ ಯಾರದ್ದು, ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು. ಜೊತೆಗೆ ಫೋಟೊಗಳು, ಸರ್ವೆ ನಂಬರ್ ಇರುವ ನಕಾಶೆ, ದಾರಿ ಬಳಸುವ ಊರಿನವರ ಸಹಿ. ಊರಿನವರ ಸಹಿ ಇಲ್ಲದೆ ಹೋಗಲೇಬೇಡಿ, ಬೆಂಗಳೂರಿನ ನೂರು ಸಹಿಗಿಂತ ಅಲ್ಲಿನ ಐದು ಸಹಿಗೆ ತೂಕ ಜಾಸ್ತಿ. ಅರಣ್ಯವಾದರೆ ಆರ್‌ಎಫ್‌ಒಗೆ ಕೊಟ್ಟು ಅವರ ಮೇಲಧಿಕಾರಿ ಡಿಎಫ್‌ಒಗೆ ಒಂದು ಪ್ರತಿ, ಕಂದಾಯ ಭೂಮಿಯಾದರೆ ತಹಶೀಲ್ದಾರರಿಗೆ, ಊರಿನ ರಸ್ತೆಯಾದರೆ ಪಂಚಾಯಿತಿಗೆ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.